ಕೈ ಎಲ್ಲಿ ಹೋದ್ವೇ?

ಮಂಗಳವಾರ ರಾತ್ರಿಯಿಂದ ಈ ಮಾತು ತಲೆಯಲ್ಲೇ ಕೂತಿದೆ. ಬ್ಯಾಂಕಿನಲ್ಲಿ ಚಲನ್ ನೋಡುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಎಲ್ಲಿಂದಲೋ ಬಂದು ಕೇಳುತ್ತದೆ. "ಕೈ ಎಲ್ಲಿ ಹೋದ್ವೇ?"

ಕೇಳಿದ್ದು ನಮ್ಮ ಡ್ಯಾನ್ಸ್ ಮಿಸ್. ನನ್ನನ್ನಲ್ಲ. ನನ್ನ ಕೈಕಾಲಿನ ಚಿಂತೆಯನ್ನು ಅವರು ಬಿಟ್ಟು ಇಪ್ಪತ್ತು ವರ್ಷ ಆಯಿತು. ಜೂನಿಯರ್ ಪರೀಕ್ಷೆ ಮುಗಿಸಿ, ಎಸ್ಸೆಸ್ಸೆಲ್ಸಿ ನೆಪ ಹೇಳಿ, ಗೆಜ್ಜೆ ಅಟ್ಟಕ್ಕೆ ಹಾಕಿದವಳು ನಾನು. ಅವರು ಕೇಳಿದ್ದು ನನ್ನ ಪಕ್ಕದಲ್ಲೇ ನಿಂತು ಭರತನಾಟ್ಯದ ಮೊದಲ ಹೆಜ್ಜೆ, ತಟ್ಟಡವು ಕಲಿತವಳನ್ನು. ಈಗ ವಾರಕ್ಕೆ ಐದು ದಿನ ಟೀವಿಯಲ್ಲಿ ಬರುವವಳನ್ನು.

ಕಥೆಯಲ್ಲಿ ಅವಳು ಮನೆಯ ದೊಡ್ಡ ಸೊಸೆ. ಕೆಟ್ಟವಳೇನಲ್ಲ, ಒಳ್ಳೆಯವಳು ಮಾಡೋಕೆ ಬರೆಯೋರಿಗೆ ಇನ್ನೂ ಟೈಮ್ ಸಿಕ್ಕಿಲ್ಲ ಅಂತ ಅವಳೇ ಹೇಳುತ್ತಾಳೆ. ಗಂಡನ ಜೊತೆ ಜಗಳ ಮಾಡಿ ತವರಿಗೆ ಹೋಗುವ ಸೀನು ಶೂಟ್ ಆಗಿದೆಯಂತೆ. ಟೀವಿಗೆ ಬರಲು ಇನ್ನೂ ನಾಲ್ಕೈದು ದಿನ ಇದೆ. ಅಲ್ಲಿ ತವರಿಗೆ ಹೋದ್ದರಿಂದ ಇಲ್ಲಿ ಒಂದು ವಾರ ರಜೆ. ಅದಕ್ಕೇ ನಿಜವಾದ ತವರಿಗೆ, ದಾವಣಗೆರೆಗೆ ಬಂದಿದ್ದಳು.

ಬೆಳಿಗ್ಗೆ ಇಬ್ಬರೂ ಬೆಣ್ಣೆ ದೋಸೆ ತಿನ್ನಲು ಹೋದೆವು. ಬೆಂಗಳೂರಿನಲ್ಲಿ 'ದಾವಣಗೆರೆ' ಅಂತ ಬೋರ್ಡ್ ಹಾಕಿ ಮಾರುವುದನ್ನು ತಿಂದು ತಿಂದು ಸಿಟ್ಟು ಬಂದಿದೆ ಅಂದಳು. ದೋಸೆಯ ಮೇಲಿನ ಬೆಣ್ಣೆ ಕರಗುವ ಮೊದಲೇ ಪಕ್ಕದ ಟೇಬಲ್ಲಿನ ಅಜ್ಜಿ ಗುರುತು ಹಿಡಿದರು.

"ಯಾಕವ್ವಾ, ಆ ಸಣ್ಣ ಸೊಸೆ ಮ್ಯಾಲೆ ಅಷ್ಟ್ಯಾಕೆ ಕಣ್ಣು ಬಿಡ್ತೀಯ?"

"ಕಣ್ಣು ಬಿಡಾಕೇ ಸಂಬಳ ಕೊಡ್ತಾರಜ್ಜಿ," ಅಂದಳು ಇವಳು.

ಅಜ್ಜಿ ನಗಲಿಲ್ಲ. ಸಂಬಳ ಎಷ್ಟು ಅಂತ ಕೇಳಿದರು. ದಿನಕ್ಕೆ ಇಷ್ಟು ಅಂತ ಲೆಕ್ಕ, ತಿಂಗಳಿಗೆ ಹೆಚ್ಚೆಂದರೆ ಹತ್ತು ಹದಿನೈದು ದಿನ ಕೆಲಸ, ದುಡ್ಡು ಕೈಗೆ ಬರಲು ಎರಡು ಮೂರು ತಿಂಗಳು, ಉಡುವ ಸೀರೆ ನಮ್ಮದೇ. ಇದನ್ನೆಲ್ಲ ಆ ಅಜ್ಜಿಗೆ ಅವಳು ಹೇಳಲಿಲ್ಲ. ದಾರಿಯಲ್ಲಿ ಬರುತ್ತಾ ನನಗೆ ಹೇಳಿದಳು. ಅವಳ ಒಂದು ಟ್ರಂಕ್ ತುಂಬ ಸೀರೆಯಂತೆ. ಒಮ್ಮೆ ಉಟ್ಟಿದ್ದನ್ನು ಮತ್ತೆ ಉಟ್ಟರೆ ನೋಡುವವರು ಕಂಡುಹಿಡಿಯುತ್ತಾರಂತೆ. ನಮ್ಮಮ್ಮ ಕಂಡುಹಿಡಿಯುತ್ತಾಳೆ, ಅದಕ್ಕೆ ನಾನೇ ಸಾಕ್ಷಿ.

ಅವಳ ಅಪ್ಪ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಮೆಕ್ಕೆಜೋಳದ ಸೀಸನ್ನಿನಲ್ಲಿ ತಲೆಯ ಮೇಲೆ ಧೂಳು ಹೊತ್ತು ಮನೆಗೆ ಬರುತ್ತಿದ್ದರು. ಆ ಧೂಳಿನಲ್ಲೇ ನೇರ ಡ್ಯಾನ್ಸ್ ಕ್ಲಾಸಿಗೆ ಬಂದು ಫೀಸು ಕೊಟ್ಟು ಹೋಗುತ್ತಿದ್ದರು. ನನ್ನ ಪ್ರಕಾರ ಅವಳ ಇವತ್ತಿನ ಹೆಸರಿನಲ್ಲಿ ಅರ್ಧ ಪಾಲು ಆ ಮನುಷ್ಯನದು. ಅಮ್ಮನ ವಿಷಯ ಬೇರೆ. ಸೀರಿಯಲ್ಲಿಗೆ ಹೋಗುತ್ತೇನೆ ಎಂದಾಗ ಮೂರು ದಿನ ಊಟ ಬಿಟ್ಟವರು, ಈಗ ಬಂದವರಿಗೆಲ್ಲ "ರಚಿತಾ ರಾಮ್ ಕೂಡ ಭರತನಾಟ್ಯ ಕಲಿತೋಳೇ, ಸೀರಿಯಲ್ಲಿಂದಾನೇ ಸಿನಿಮಾಕ್ಕೆ ಹೋಗಿದ್ದು" ಅಂತ ಶುರು ಮಾಡುತ್ತಾರೆ. ಮಾತು ನಿಜವೇ. ಆದರೆ ಮಗಳು ಎದುರಿಗೆ ಕೂತಿರುವಾಗ ಬೇರೆಯವರ ಮಗಳ ಉದಾಹರಣೆ ಯಾಕೆ ಬೇಕು?

ಸಂಜೆ ಪಿ.ಜೆ. ಬಡಾವಣೆಯ ಮಿಸ್ ಮನೆಗೆ ಹೋದೆವು. ಅದೇ ಕೆಂಪು ನೆಲ. ತಾಳ ಹಾಕುವ ಅದೇ ತಟ್ಟುಮಣೆ, ಒಂದು ಕಡೆ ಸವೆದು ಗುಂಡಿ ಬಿದ್ದಿದೆ. ಮಿಸ್‌ಗೆ ಈಗ ಮಂಡಿ ನೋವು, ಕುರ್ಚಿಯಲ್ಲಿ ಕೂತೇ ಪಾಠ. ಎಂಟು ಗಂಟೆಗೆ ಮಕ್ಕಳೆಲ್ಲ ಹೋದ ಮೇಲೆ ಟೀವಿ ಹಾಕಿದರು. ಇವಳು ಬೇಡ ಮಿಸ್, ಬೇಡ ಮಿಸ್ ಅಂತ ಒದ್ದಾಡಿದಳು. ಕೇಳಬೇಕಲ್ಲ!

ಟೀವಿಯಲ್ಲಿ ಅವಳಿಗೆ ಫೋನ್ ಬಂತು. ಏನೋ ಕೆಟ್ಟ ಸುದ್ದಿ. ಡಂ ಅಂತ ಸದ್ದು. ಅವಳ ಮುಖ. ಮತ್ತೆ ಡಂ. ಮತ್ತೆ ಅವಳ ಮುಖ, ಇನ್ನೂ ಹತ್ತಿರದಿಂದ. ಆಮೇಲೆ ಅತ್ತೆ, ಮಾವ, ಮೈದುನ, ಅಡುಗೆಯವಳು, ಎಲ್ಲರ ಮುಖದ ಮೇಲೂ ಒಂದೊಂದು ಸುತ್ತು ಬಂದು ಕ್ಯಾಮೆರಾ ಮತ್ತೆ ಇವಳ ಹತ್ತಿರವೇ ನಿಂತಿತು. ಗಲ್ಲದಿಂದ ಹಣೆಯವರೆಗೆ. ಮಿಸ್ ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿದರು.

"ಕೈ ಎಲ್ಲಿ ಹೋದ್ವೇ?"

"ಫ್ರೇಮಿಗೆ ಬರಲ್ಲ ಮಿಸ್."

ಅಷ್ಟೇ ಮಾತು. ಅಷ್ಟರಲ್ಲಿ ಜಾಹೀರಾತು ಬಂತು. ಸೋಪಿನ ಜಾಹೀರಾತಿನಲ್ಲಿ ಒಬ್ಬಳು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು.

ನಮಗೆ ಕ್ಲಾಸಿನಲ್ಲಿ ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿಸಿದ್ದು ನಾಟ್ಯದ ಹಳೇ ಗ್ರಂಥ ಅಭಿನಯ ದರ್ಪಣದ ಮಾತು. ಕೈ ಹೋದಲ್ಲಿ ಕಣ್ಣು, ಕಣ್ಣು ಹೋದಲ್ಲಿ ಮನಸ್ಸು, ಮನಸ್ಸು ಹೋದಲ್ಲಿ ಭಾವ, ಭಾವ ಇದ್ದಲ್ಲಿ ರಸ. ಒಂದೇ ಕೈಯಿನ ಮುದ್ರೆ 28. ಪತಾಕದಿಂದ ಶುರು ಮಾಡಿ ಒಂದೇ ಉಸಿರಿಗೆ ಹೇಳಬೇಕಿತ್ತು. ನಡುವೆ ನಿಂತರೆ ಮತ್ತೆ ಪತಾಕದಿಂದ. ನಾನು ಎಷ್ಟು ಸಲ ಪತಾಕಕ್ಕೆ ವಾಪಸ್ ಬಂದಿದ್ದೇನೋ ಲೆಕ್ಕ ಇಲ್ಲ. ಅವಳು ಒಮ್ಮೆಯೂ ಬರಲಿಲ್ಲ. ಮಂಡಿ ಬಗ್ಗಿಸಿ ಅರಮಂಡಿಯಲ್ಲಿ ಕೂತರೆ ತೊಡೆ ನಡುಗುವವರೆಗೆ ಏಳುತ್ತಿರಲಿಲ್ಲ. ಅಂಥವಳ ಕಾಲು ಈ ಸೀರಿಯಲ್ಲಿನಲ್ಲಿ ಕಂಡದ್ದು ಒಂದೇ ಸಲ, ಮದುವೆಯಾಗಿ ಬಂದು ಅಕ್ಕಿ ಸೇರು ಒದ್ದಾಗ.

ರಂಗಕ್ಕೂ ಟೀವಿಗೂ ಅಳತೆ ಬೇರೆ, ಒಪ್ಪುತ್ತೇನೆ. ಇದು ನಾಟಕದ ಚಿಂದೋಡಿ ಲೀಲಾ ಅವರ ಊರು. ಕೆ.ಬಿ.ಆರ್. ಡ್ರಾಮಾ ಕಂಪನಿ ನಾಟಕಕ್ಕೆ ಮಂಡಕ್ಕಿ ಪೊಟ್ಟಣ ಹಿಡಿದು ಹೋಗುತ್ತಿದ್ದ ನಮ್ಮಜ್ಜಿ, ಕೊನೇ ಸಾಲಿನಲ್ಲಿ ಕೂತರೂ ಎಲ್ಲ ತಿಳಿಯುತ್ತಿತ್ತು ಅನ್ನುತ್ತಿದ್ದಳು. ಆ ಕೊನೇ ಸಾಲಿಗೆ ಮುಟ್ಟಿಸಲು ಇಡೀ ಮೈ ಬೇಕು. ಟೀವಿಗೆ ಕೊನೇ ಸಾಲೇ ಇಲ್ಲ. ಎಲ್ಲರೂ ಮೊದಲನೇ ಸಾಲು, ಅದೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಡ್ಯಾನ್ಸಿನಲ್ಲಿ ಬಿಡುವ ಹಾಗೆ ಕಣ್ಣು ಬಿಟ್ಟರೆ ಮಕ್ಕಳು ಹೆದರುತ್ತವೆ. ಮೊದಲ ತಿಂಗಳು ಡೈರೆಕ್ಟರ್ ಇವಳಿಗೆ ದಿನಾ ಹೇಳುತ್ತಿದ್ದುದು ಎರಡೇ ಮಾತಂತೆ. "ಮೇಡಂ, ಮುಖ ಸ್ವಲ್ಪ ಕಮ್ಮಿ ಮಾಡಿ." "ಮೇಡಂ, ಕೈ ಬೇಡ." ಪಾಪ ಆ ಮನುಷ್ಯನದೂ ತಪ್ಪಿಲ್ಲ. ದಿನಕ್ಕೊಂದು ಎಪಿಸೋಡು ಮುಗಿಸಬೇಕು, ಪಕ್ಕದಲ್ಲಿ ಒಬ್ಬರು ಡೈಲಾಗ್ ಓದಿ ಹೇಳುತ್ತಿರುತ್ತಾರೆ, ಗುರುವಾರ ಟಿಆರ್‌ಪಿ ಬರುತ್ತದೆ. ಅದರಲ್ಲಿ ಕೈ ಎಲ್ಲಿಂದ ಹುಡುಕುತ್ತಾರೆ?

ಮಿಸ್ ನಮಗೆ ಚಿಕ್ಕಂದಿನಲ್ಲಿ ಸುಧಾ ಚಂದ್ರನ್ ಕಥೆ ಹೇಳುತ್ತಿದ್ದರು. ಯಾರಾದರೂ ಕಾಲು ನೋವು ಅಂದರೆ ಆ ಕಥೆ ಗ್ಯಾರಂಟಿ. 1981ರಲ್ಲಿ ಬಸ್ ಅಪಘಾತ, ಒಂದು ಕಾಲು ಹೋಯಿತು. ಜೈಪುರ ಕಾಲು ಅನ್ನುವ ಕೃತಕ ಕಾಲು ಹಾಕಿಸಿಕೊಂಡು ಆ ಹುಡುಗಿ ಮತ್ತೆ ಭರತನಾಟ್ಯಕ್ಕೆ ನಿಂತಳು. ಅವಳದೇ ಕಥೆ 1985ರಲ್ಲಿ ತೆಲುಗಿನಲ್ಲಿ 'ಮಯೂರಿ' ಅಂತ ಸಿನಿಮಾ ಆಯಿತು, ಅವಳೇ ಅದರಲ್ಲಿ ಮಾಡಿದಳು. ಇದನ್ನು ಕೇಳಿ ನಮ್ಮ ಕಾಲು ನೋವು ನಾಚಿಕೊಂಡು ಹೋಗುತ್ತಿತ್ತು. ಆಮೇಲೆ 2001ರಲ್ಲಿ ಶುರುವಾದ ಹಿಂದಿ ಸೀರಿಯಲ್ಲಿನಲ್ಲಿ ಅದೇ ಸುಧಾ ಚಂದ್ರನ್ ರಮೋಲಾ ಸಿಕಂದ್ ಎಂಬ ಜೋರು ಅತ್ತೆಯಾದರು. ಹಿಂದಿ ಅರ್ಧ ಅರ್ಥವಾಗದಿದ್ದರೂ ನಮ್ಮ ಬೀದಿಯ ಹೆಂಗಸರು ನೋಡುತ್ತಿದ್ದರು, ಬೊಟ್ಟಿಗೋಸ್ಕರ. ದಿನಕ್ಕೊಂದು ಥರ ಬೊಟ್ಟು, ಹಾವಿನ ಹಾಗೆ, ಬಾಣದ ಹಾಗೆ. ಅಂಥದ್ದು ಇದೆಯಾ ಅಂತ ಬಳೆ ಅಂಗಡಿಯಲ್ಲಿ ನಮ್ಮತ್ತೆಯೂ ಕೇಳಿದ್ದುಂಟು. ದೇಶವೇ ಯಾರ ಕಾಲಿಗೆ ಚಪ್ಪಾಳೆ ಹೊಡೆದಿತ್ತೋ, ಅವರನ್ನು ನಮ್ಮ ಬೀದಿ ನೆನಪಿಟ್ಟುಕೊಂಡದ್ದು ಹಣೆಯಿಂದ. ಅವರಿಗೆ ಅದು ಬೇಜಾರಾಗಿತ್ತೋ ಖುಷಿಯಾಗಿತ್ತೋ. ದುಡಿದರು, ಹೆಸರು ಮಾಡಿದರು. ಬೇಜಾರು ಮಾಡಿಕೊಳ್ಳಲು ನಾನ್ಯಾರು?

ಆದರೂ ನನಗೆ ಬೇಜಾರಾಯಿತು. ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅನ್ನಿ. ಇಷ್ಟು ಕಲಿತವಳು ಇಷ್ಟೇ ತೋರಿಸಬೇಕಾ ಅಂತ ಒಂದು ಮನಸ್ಸು. ನೋಡು, ಕೊನೆಗೆ ಕಲಿತದ್ದು ಅವಳಿಗೂ ಕೆಲಸಕ್ಕೆ ಬರಲಿಲ್ಲ ಅಂತ ಇನ್ನೊಂದು ಮನಸ್ಸು. ಎರಡನೆಯದು ಯಾವ ಅಟ್ಟದಿಂದ ಇಳಿದು ಬಂತು ಅಂತ ನನಗೆ ಗೊತ್ತಿದೆ.

ಜಾಹೀರಾತು ಮುಗಿಯುವ ಮೊದಲು ಮಿಸ್ ಟೀವಿ ಸದ್ದು ಕಮ್ಮಿ ಮಾಡಿದರು.

"ಹಂಗಾದ್ರೆ ಕೈ ಸುಮ್ನೆ ಇಳಿಬಿಟ್ಟಿರ್ತೀಯಾ?"

"ಇಲ್ಲ ಮಿಸ್. ಕೆಳಗೆ ಹಿಡ್ಕೊಂಡಿರ್ತೀನಿ."

"ಏನು?"

"ಮುದ್ರೆ." ಅವಳು ನೆಲ ನೋಡುತ್ತಿದ್ದಳು. "ಕೈ ಹಿಡೀದಿದ್ರೆ ಕಣ್ಣಿಗೆ ಏನೂ ಬರಲ್ಲ ಮಿಸ್. ಅದಕ್ಕೇ ಯಾರಿಗೂ ಕಾಣ್ದಂಗೆ ಸೆರಗಿನ ಕೆಳಗೆ ಹಿಡೀತೀನಿ. ಸಿಟ್ಟಿಗೆ ಮುಷ್ಟಿ. ಈಗ ಬಂತಲ್ಲ ಫೋನು, ಅದಕ್ಕೆ ಬೆರಳಿಗೆ ಬೆರಳು ಹೆಣೆದು ಕರ್ಕಟ."

"ಫೋನು?"

"ಅದೂ ಫ್ರೇಮಿಗೆ ಬರಲ್ಲ ಮಿಸ್. ಮೇಕಪ್ಪಿನ ಹುಡುಗಿ ಕಿವಿ ಹತ್ರ ಹಿಡ್ಕೊಂಡಿದ್ಲು."

ನಾನು ನಕ್ಕುಬಿಟ್ಟೆ. ಮಿಸ್ ನಗಲಿಲ್ಲ.

"ಅಳೋ ಸೀನಿಗೆ?"

"ಅಲಪದ್ಮ."

"ಕಿರುಬೆರಳು ಬಗ್ಗುತ್ತಾ? ನಿಂದು ಯಾವಾಗ್ಲೂ ಬಗ್ಗತಿರಲಿಲ್ಲ."

"ಬಗ್ಗಿಸ್ತೀನಿ ಮಿಸ್."

"ತೋರಿಸು."

ಕುರ್ಚಿ ಬಿಟ್ಟು ಅವಳು ಕೆಂಪು ನೆಲದ ಮೇಲೆ ಕೂತು ಕೈ ಎತ್ತಿದಳು. ಮಿಸ್ ಅವಳ ಕಿರುಬೆರಳು ಹಿಡಿದು ಒಂದು ಚೂರು ಒಳಗೆ ಬಗ್ಗಿಸಿದರು. ಅಷ್ಟರಲ್ಲಿ ಟೀವಿಯಲ್ಲಿ ಸೀರಿಯಲ್ ವಾಪಸ್ ಬಂದಿತ್ತು. ದೊಡ್ಡ ಸೊಸೆ ಅಳುತ್ತಿದ್ದಳು. ಇಬ್ಬರೂ ನೋಡಲಿಲ್ಲ.

ನಿನ್ನೆ ರಾತ್ರಿ ಮನೆಯಲ್ಲಿ ಟೀವಿ ಹತ್ತಿರ ಹೋಗಿ ಕೂತೆ. ಅವಳು ಅತ್ತೆಗೆ ಎದುರು ಮಾತಾಡುತ್ತಿದ್ದಳು. ನಾನು ಮುಖ ಬಿಟ್ಟು ಕೆಳಗಿನ ಅಂಚು ನೋಡುತ್ತಿದ್ದೆ. ಅಲ್ಲಿ ಅವಳ ಬಲ ಭುಜ ಇಷ್ಟೇ ಇಷ್ಟು ಬಿಗಿಯಾಯಿತು, ಆಮೇಲೆ ಸಡಿಲಾಯಿತು.

"ಅಷ್ಟು ಹತ್ರ ಕೂತು ಏನೇ ನೋಡ್ತೀಯ?" ಅಮ್ಮ ಗದರಿದಳು. "ಮಾರ್ಚ್‌ನಾಗೆ ಉಟ್ಟಿದ್ದ ಸೀರೆ ಅದು, ನಾನಾಗ್ಲೇ ನೋಡಿದೆ."

ಮುಷ್ಟಿ ಇರಬೇಕು.