ಅಬ್ರಾಮನು ಮರಳಿ ಬಂದ ಯಜ್ಞವೇದಿ

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 13ನೆಯ ಅಧ್ಯಾಯದ ಮೊದಲ ನಾಲ್ಕು ವಚನಗಳನ್ನು ನಾನು ಬಹುಕಾಲ ಅಬ್ರಾಮನ ಸೋದರನ ಮಗ ಲೋಟನ ಪ್ರಸಂಗಕ್ಕೆ ಪೀಠಿಕೆಯೆಂದಷ್ಟೇ ಭಾವಿಸಿ ಓದಿ ದಾಟುತ್ತಿದ್ದೆ. ಈ ವಾರ ಮತ್ತೆ ಓದುವಾಗ, ಐಗುಪ್ತದಿಂದ (ಈಜಿಪ್ಟಿನಿಂದ) ಹಿಂದಿರುಗಿದ ಅಬ್ರಾಮನು, ಅಂದರೆ ಮುಂದೆ ಅಬ್ರಹಾಮನೆನಿಸಿದವನು, ತಲುಪಿದ ಸ್ಥಳವನ್ನು ಅಲ್ಲಿ ಎಷ್ಟು ಎಚ್ಚರದಿಂದ ಗುರುತಿಸಲಾಗಿದೆ ಎಂಬುದು ಗಮನಕ್ಕೆ ಬಂತು. ಕಾನಾನ್ ದೇಶದ ಬೇತೇಲ್ ಎಂಬ ಊರಿಗೆ ಬಂದನೆಂದರೆ ಸಾಕಿತ್ತು. ಆದರೆ ಬೇತೇಲಿಗೂ ಆಯಿಗೂ ನಡುವೆ, ಮೊದಲು ಗುಡಾರ ಹಾಕಿದ್ದ ಸ್ಥಳಕ್ಕೆ, ತಾನು ಮೊದಲು ಕಟ್ಟಿದ್ದ ಯಜ್ಞವೇದಿಯ ಬಳಿಗೆ ಬಂದನೆಂದು ವಿವರಿಸಲಾಗಿದೆ.

ಈ ನಡುವೆ ನಡೆದದ್ದು ಹೆಮ್ಮೆಪಡುವಂಥದ್ದಲ್ಲ. ಬರಗಾಲಕ್ಕೆ ಅಂಜಿ ಐಗುಪ್ತಕ್ಕೆ ಇಳಿದವನು, ಪ್ರಾಣಭಯದಿಂದ ಹೆಂಡತಿ ಸಾರಯಳನ್ನು ತಂಗಿಯೆಂದು ಹೇಳಿಸಿದನು. ಫರೋಹನು ಆಕೆಯನ್ನು ಅರಮನೆಗೆ ಕರೆಸಿಕೊಂಡು ಇವನಿಗೆ ಕುರಿ, ದನ, ಕತ್ತೆ, ಒಂಟೆ, ದಾಸದಾಸಿಯರನ್ನು ಕೊಟ್ಟನು. ಕಡೆಗೆ ನಿಜ ತಿಳಿದು ದೇಶದಿಂದಲೇ ಕಳುಹಿಸಿಬಿಟ್ಟನು. ಐಗುಪ್ತದಲ್ಲಿ ಅಬ್ರಾಮನು ವೇದಿ ಕಟ್ಟಿದ್ದಾಗಲಿ ಪ್ರಾರ್ಥಿಸಿದ್ದಾಗಲಿ ಅಲ್ಲಿ ಉಲ್ಲೇಖವಾಗಿಲ್ಲ.

ಅವನು ಪಶ್ಚಾತ್ತಾಪಪಟ್ಟು ಮರಳಿದನೆಂದು ಸಭೆಯ ಪ್ರಸಂಗಗಳಲ್ಲಿ ಕೇಳಿದ್ದೇನೆ. ಮೂಲದಲ್ಲಿ ಆ ಮಾತಿಲ್ಲ. ಅಲ್ಲಿ ಯೆಹೋವನ ಹೆಸರೆತ್ತಿ ಆರಾಧಿಸಿದನೆಂದಷ್ಟೇ ಇದೆ. ಹೋದ ದಾರಿಯಲ್ಲೇ ಹಂತಹಂತವಾಗಿ ಹಿಂದಿರುಗುತ್ತ, ಹೋಗುವಾಗ ಮಾಡಿದ್ದ ಸಾಲಗಳನ್ನು ತೀರಿಸಿದನೆಂದು 11ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಬರೆಯುತ್ತಾನೆ. ಮೂಲದಲ್ಲಿ ಇದೂ ಇಲ್ಲ, ಆದರೂ ಪಶ್ಚಾತ್ತಾಪದ ಪ್ರಸಂಗಗಳಿಗಿಂತ ಈ ಊಹೆಯೇ ನನಗೆ ಹೆಚ್ಚು ಹಿಡಿಸುತ್ತದೆ.

ಇನ್ನೊಂದು ಸಂಗತಿಯೂ ಇದೆ. ದೇವರು ದರ್ಶನ ಕೊಟ್ಟು, ಈ ದೇಶವನ್ನು ನಿನ್ನ ಸಂತಾನಕ್ಕೆ ಕೊಡುವೆನೆಂದು ಹೇಳಿದ್ದು, ಐಗುಪ್ತಕ್ಕೆ ಹೋಗುವ ಮುಂಚೆ, ಶೆಕೆಮ್ ಎಂಬ ಸ್ಥಳದಲ್ಲಿ. ಬೇತೇಲಿನ ಬೆಟ್ಟದಲ್ಲಿ ಹಿಂದೆ ಕೇಳಿದ್ದು ಅಬ್ರಾಮನ ಮೊರೆ ಮಾತ್ರ. ಮರಳಿ ಬಂದಾಗಲೂ ಅವನಿಗೆ ಕೂಡಲೇ ಉತ್ತರ ದೊರೆಯಲಿಲ್ಲ. ಬದಲಿಗೆ, ಸಂಪತ್ತು ಹೆಚ್ಚಿ ಒಂದೇ ಸೀಮೆ ಸಾಲದಾಗಿ ಅವನ ದನಕಾಯುವವರಿಗೂ ಲೋಟನ ದನಕಾಯುವವರಿಗೂ ಜಗಳ ಹತ್ತಿತು. ಐಗುಪ್ತದಲ್ಲಿ ಸಿಕ್ಕ ಮಂದೆಯೂ ಅದರಲ್ಲಿ ಸೇರಿದ್ದಿರಬೇಕು. ಲೋಟನು ಯೊರ್ದನಿನ ಬಯಲನ್ನು ಆರಿಸಿಕೊಂಡು ಅಗಲಿದ ಮೇಲಷ್ಟೇ ದೇವರು ಮಾತನಾಡಿದನು.

ಬೇತೇಲ್ ಎಂಬ ಹೆಸರನ್ನಿಟ್ಟವನು ಮೊಮ್ಮಗ ಯಾಕೋಬನು. ಅದಕ್ಕೆ ಮುಂಚೆ ಆ ಊರು ಲೂಜ್ ಆಗಿತ್ತು. ಯಾಕೋಬನೂ ವರ್ಷಗಳ ನಂತರ ಅಲ್ಲಿಗೆ ಹಿಂದಿರುಗಿ ವೇದಿ ಕಟ್ಟಿದನು, ಆದರೆ ಎದ್ದು ಬೇತೇಲಿಗೆ ಹೋಗೆಂದು ದೇವರೇ ಅಪ್ಪಣೆ ಕೊಟ್ಟ ಮೇಲೆ. ಅಜ್ಜನಿಗೆ ಅಂಥ ಅಪ್ಪಣೆ ಬಂದಿತೆಂದು ಎಲ್ಲಿಯೂ ಬರೆದಿಲ್ಲ.