ಡಿಸ್ಕ್ ಬದಲಾಯಿಸಿಬಿಡಿ ಡಾಕ್ಟ್ರೇ!

ಮೂರು ವರ್ಷ ಸೊಂಟ ನೋವು ತಿಂದು ಸಾಕಾಗಿ ಮೊನ್ನೆ ಡಾಕ್ಟರ ಮುಂದೆ ಕೂತು ನಾನು ಕೇಳಿದ್ದು ಇದೇ. ಮಂಡಿ ಬದಲಾಯಿಸುತ್ತಾರೆ, ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ಸವೆದರೆ ಅದನ್ನು ಬದಲಾಯಿಸೋಕೆ ಏನು ಕಷ್ಟ, ಅಲ್ವಾ?

ಅವರು ಮಾತಾಡದೆ ಡ್ರಾಯರ್‌ನಿಂದ ಕೃತಕ ಡಿಸ್ಕ್‌ನ ಒಂದು ಸ್ಯಾಂಪಲ್ ತೆಗೆದು ನನ್ನ ಕೈಗಿಟ್ಟರು. ಎರಡು ಲೋಹದ ಬಿಲ್ಲೆ, ನಡುವೆ ಬಿಳಿ ಪ್ಲಾಸ್ಟಿಕ್ಕಿನ ಉಬ್ಬು. ಬಿಲ್ಲೆಗಳ ಹೊರಮೈಗೆ ಮೂಳೆ ಕಚ್ಚಿ ಹಿಡಿಯೋಕೆ ಪುಟ್ಟ ಚೂಪು ಹಲ್ಲುಗಳು. ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರೆ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ನುಣ್ಣಗೆ ವಾಲುತ್ತದೆ. ನನ್ನ ಸೊಂಟ ಹಾಗೆ ವಾಲಿ ಎಷ್ಟು ಕಾಲವಾಯಿತೋ.

ನಮ್ಮ ಸ್ವಂತ ಡಿಸ್ಕ್ ಅಂದರೆ ಸುತ್ತ ನಾರಿನ ಬಿಗಿ ಪದರ, ಒಳಗೆ ನೀರು ತುಂಬಿದ ಲೋಳೆ. ರಾತ್ರಿ ಮಲಗಿದಾಗ ನೀರು ಹೀರಿ ಉಬ್ಬುತ್ತದೆ, ಹಗಲೆಲ್ಲ ನಮ್ಮ ಭಾರಕ್ಕೆ ಅದುಮಿ ತೆಳುವಾಗುತ್ತದೆ, ಅದಕ್ಕೇ ಬೆಳಗ್ಗೆ ಎಲ್ಲರೂ ಸುಮಾರು ಒಂದು ಸೆಂಟಿಮೀಟರ್ ಎತ್ತರ ಜಾಸ್ತಿ. ದೊಡ್ಡವರಾದ ಮೇಲೆ ಅದರೊಳಗೆ ರಕ್ತ ಹರಿಯೋದು ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಮುರಿದ ಮೂಳೆ ಕೂಡಿಕೊಂಡ ಹಾಗೆ ಅದು ಕೂಡಿಕೊಳ್ಳುವುದಿಲ್ಲ.

ಆಮೇಲೆ ಮನೆಯಲ್ಲಿ ಇದರ ಕಥೆ ಹುಡುಕಿ ಓದಿದೆ. 1960ರ ದಶಕದಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಎಂಬ ಸರ್ಜನ್ ಡಿಸ್ಕ್ ಜಾಗಕ್ಕೆ ಉಕ್ಕಿನ ಗೋಲಿ ಇಟ್ಟು ನೋಡಿದರು. ಗೋಲಿ ಗಟ್ಟಿ, ಮೂಳೆ ಮೆತ್ತಗೆ, ಬರ್ತಾ ಬರ್ತಾ ಮೂಳೆಯೊಳಗೇ ಹೂತುಕೊಂಡವು. ನನಗೆ ತುಂಬಾ ಹಿಡಿಸಿದ್ದು ಕಾರಿನ್ ಬ್ಯೂಟ್ನರ್-ಯಾಂತ್ಸ್ ಕಥೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಗೆ ಜಿಮ್ನಾಸ್ಟಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಹುಡುಗಿ, ಮುಂದೆ ಡಾಕ್ಟರಾಗಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಕುರ್ಟ್ ಶೆಲ್ನಾಕ್ ಜೊತೆ ಸೇರಿ ಕೃತಕ ಡಿಸ್ಕ್ ತಯಾರಿಸಿದರು. 1984ರಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಬದುಕಿದವರೇ ಬಾಗುವ ಡಿಸ್ಕ್ ಮಾಡಿದ್ದು ಸುಮ್ನೆ ಅಲ್ಲ ಅನಿಸಿತು.

ಸರಿ, ನನ್ನ ವಿಷಯಕ್ಕೆ ಬರ್ತೀನಿ. ಎಮ್‌ಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು ಬೆನ್ನುಮೂಳೆಯ ಹಿಂಭಾಗದ ಪುಟ್ಟ ಕೀಲುಗಳನ್ನು ತೋರಿಸಿದರು. ಅವೂ ಸವೆದಿವೆ. ಇಂಥ ಬೆನ್ನಿಗೆ ಹೊಸ ಡಿಸ್ಕ್ ಹಾಕುವುದು, ಬಾಗಿಲಿನ ಬಿಜಾಗರಿ ಹೋಗಿರುವಾಗ ಚಿಲಕ ಬದಲಾಯಿಸಿದ ಹಾಗಂತೆ. ಮೂಳೆ ಟೊಳ್ಳಾದವರಿಗೆ, ಒಂದು ಮೂಳೆ ಇನ್ನೊಂದರ ಮೇಲೆ ಮುಂದಕ್ಕೆ ಜಾರಿದವರಿಗೂ ಆಗುವುದಿಲ್ಲ. ಸೊಂಟದ ಡಿಸ್ಕ್ ಹಾಕೋದು ಹೊಟ್ಟೆ ಕಡೆಯಿಂದ, ಕರುಳು ಮತ್ತು ದೊಡ್ಡ ರಕ್ತನಾಳಗಳನ್ನು ಪಕ್ಕಕ್ಕೆ ಸರಿಸಿ. ಇದನ್ನು ಕೇಳಿ ನನ್ನ ಉತ್ಸಾಹ ಅರ್ಧ ಇಳಿಯಿತು.

ಇನ್ನೊಂದು ದಾರಿ ನಮ್ಮ ದೊಡ್ಡಪ್ಪನಿಗೆ ಮಾಡಿದ್ದು, ಸ್ಕ್ರೂ ರಾಡ್ ಹಾಕಿ ಎರಡು ಮೂಳೆ ಬೆಸೆಯೋದು. ನೋವು ಕಡಿಮೆಯಾಯಿತು, ಆದರೆ ಆ ಜಾಗ ಬಾಗದ ಕಾರಣ ಮೇಲಿನ ಡಿಸ್ಕ್‌ಗೆ ಹೊರೆ ಬಿತ್ತು, ಈಗ ಅಲ್ಲೂ ನೋವು. ಕೃತಕ ಡಿಸ್ಕ್‌ನ ಆಸೆ ಹುಟ್ಟಿದ್ದೇ ಅವರನ್ನು ನೋಡಿ.

"ಕಾಲಿನ ಸೆಳೆತ ಕಡಿಮೆಯಾಗ್ತಿದೆ, ಇನ್ನು ಮೂರು ತಿಂಗಳು ಫಿಸಿಯೋ ಮಾಡಿ. ಮೂತ್ರ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ ಮಾತ್ರ ಅವತ್ತೇ ಓಡಿ ಬನ್ನಿ" ಅಂದರು. ತಲೆಯಾಡಿಸಿ ಸ್ಯಾಂಪಲ್ ವಾಪಸ್ ಕೊಟ್ಟೆ. ಏಳೋಕೆ ಮಾತ್ರ ಅವರ ಮೇಜನ್ನೇ ಹಿಡಿದುಕೊಳ್ಳಬೇಕಾಯಿತು.