ತಗ್ಗು ಉಬ್ಬಾಗಿ ಕಂಡ ಮೀಟಿಂಗ್

ಮುರಿದ ಶಾಫ್ಟಿನಲ್ಲಿ ಬಿರುಕು ಎಲ್ಲಿಂದ ಶುರುವಾಯಿತು ಅನ್ನೋದೇ ನಾವು ಗ್ರಾಹಕರಿಗೆ ಕೊಡಬೇಕಿದ್ದ ರಿಪೋರ್ಟಿನ ಜೀವಾಳ. ಮೂಲದಲ್ಲಿ ಒಂದು ದುಂಡನೆಯ ಕಲೆ ಇತ್ತು. ಅದು ತುಕ್ಕು ಕೊರೆದ ಗುಂಡಿಯಾದರೆ ಮಾತು ಬಳಸಿದವರ ಕಡೆ ಹೋಗುತ್ತದೆ, ಎದ್ದು ನಿಂತ ಇನ್‌ಕ್ಲೂಷನ್ (ಉಕ್ಕಿನೊಳಗೆ ಸಿಕ್ಕಿಕೊಂಡ ಪರಕೀಯ ಕಣ) ಆದರೆ ಉಕ್ಕು ಮಾಡಿದವರ ಕಡೆ. ಒಂದೇ ಸೆಮ್ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ) ಚಿತ್ರ ಇಟ್ಟುಕೊಂಡು ಇದನ್ನು ತೀರ್ಮಾನಿಸಲು ಕೂತರೆ ಇಬ್ಬರಿಗೆ ಮೂರು ಅಭಿಪ್ರಾಯ. ಹಾಗಾಗಿ ಸ್ಟೀರಿಯೋ ಜೋಡಿ ತೆಗೆದೆ, ಅಂದರೆ ಆಳ ಕಾಣಲು ಒಂದೇ ಜಾಗದ ಎರಡು ಚಿತ್ರ, ಬೇರೆ ಬೇರೆ ಓರೆಯಲ್ಲಿ.

ಮೊದಲ ಚಿತ್ರ 0 ಡಿಗ್ರಿಯಲ್ಲಿ, ಎರಡನೆಯದು 7 ಡಿಗ್ರಿಯಲ್ಲಿ. ಟಿಲ್ಟ್ ಮಾಡಿದ ಕೂಡಲೇ ನೋಡುತ್ತಿದ್ದ ಜಾಗ ಫ್ರೇಮ್ ಬಿಟ್ಟು ಓಡಿತು. ನಮ್ಮ ಸ್ಟೇಜ್ ಯೂಸೆಂಟ್ರಿಕ್ (ಓರೆ ಮಾಡಿದರೂ ನೋಡುವ ಜಾಗ ಕದಲದಂಥದ್ದು) ಆಗಿರೋದು ಕ್ಯಾಟಲಾಗಿನಲ್ಲಿ ಮಾತ್ರ. ಎಕ್ಸ್-ವೈನಲ್ಲಿ ಹುಡುಕಿ ಹಿಡಿದು ತಂದು, ತಪ್ಪಿದ ಫೋಕಸನ್ನು ಝಡ್‌ನಲ್ಲೇ, ಸ್ಟೇಜ್ ಮೇಲೆ-ಕೆಳಗೆ ಮಾಡಿ, ಸರಿಮಾಡಿದೆ. ಫೋಕಸ್ ನಾಬ್ ತಿರುಗಿಸಿದರೆ ವರ್ಕಿಂಗ್ ಡಿಸ್ಟನ್ಸ್ (ಲೆನ್ಸಿನಿಂದ ಫೋಕಸ್ ಆಗುವ ಜಾಗಕ್ಕಿರುವ ದೂರ) ಬದಲಾಗಿ ಎರಡೂ ಚಿತ್ರಗಳ ಮ್ಯಾಗ್ನಿಫಿಕೇಶನ್ ಕೂಡಿಬರಲ್ಲ. ನಮ್ಮ ಮೆಷೀನಿನಲ್ಲಿ ಟಿಲ್ಟ್ ಅಕ್ಷ ಅಡ್ಡಕ್ಕಿದೆ, ಕಣ್ಣಿಗೆ ಬೇಕಾದ್ದು ಉದ್ದಕ್ಕೆ; ಎರಡನ್ನೂ ಎಡಕ್ಕೆ 90 ಡಿಗ್ರಿ ತಿರುಗಿಸಿ, ಪಕ್ಕಕ್ಕೆ ನಿಂತ ಡೇಟಾ ಬಾರ್ (ಚಿತ್ರದ ವಿವರ ಬರೆದ ಪಟ್ಟಿ) ಕತ್ತರಿಸಿ ಹಾಕಿದೆ. ಕಡಿಮೆ ಟಿಲ್ಟಿನದ್ದು ಕೆಂಪು ಚಾನೆಲ್‌ಗೆ, ಹೆಚ್ಚಿನದ್ದು ಹಸಿರು ಮತ್ತು ನೀಲಿಗೆ, ಎರಡೂ ಸೇರಿದರೆ ಸಯಾನ್. ಇಮೇಜ್‌ಜೆ ಸಾಫ್ಟ್‌ವೇರಿನಲ್ಲಿ ಮರ್ಜ್ ಮಾಡಿ, ಕೆಂಪು ಗಾಜು ಎಡಗಣ್ಣಿಗೆ ಬರುವ ಹಾಗೆ ಕನ್ನಡಕ ಹಾಕಿ ನೋಡಿದರೆ ಗುಂಡಿ. ಕಡಿದಾದ ಅಂಚು, ತಳದಿಂದ ಹೊರಟ ಬಿರುಕು, ಅನುಮಾನಕ್ಕೆ ಜಾಗವೇ ಇಲ್ಲ. ಗುಂಡಿಯ ಬಾಯಿಗೆ ಅಡ್ಡಲಾಗಿ ಒಂದು ಹತ್ತಿಯ ಎಳೆ ಕಮಾನಾಗಿ ಬಿದ್ದಿತ್ತು, ಚಾರ್ಜ್ ಆಗಿ ಬೆಳ್ಳಗೆ ಹೊಳೆಯುತ್ತಿತ್ತು. ಚೇಂಬರ್ ತೆಗೆದು ಮತ್ತೆ ಪಂಪ್‌ಡೌನ್ ಮಾಡಿ ಗಾಳಿ ಹೊರತೆಗೆಯುವಷ್ಟು ಪುರುಸೊತ್ತಿರಲಿಲ್ಲ. ಬಿಟ್ಟುಬಿಟ್ಟೆ.

ಮೀಟಿಂಗಿನಲ್ಲಿ ಎಲ್ಲರಿಗೂ ರಟ್ಟಿನ ಕನ್ನಡಕ ಹಂಚಿ, ಸ್ಲೈಡ್ ಬಂದಾಗ "ಗುಂಡಿ ಸ್ಪಷ್ಟವಾಗಿದೆ ನೋಡಿ" ಅಂದೆ. ಯಾರೂ ಹೂಂ ಅನ್ನಲಿಲ್ಲ. ನಮ್ಮ ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಉಬ್ಬಿಕೊಂಡಿದೆಯಲ್ರೀ?"

ನಾನೂ ನೋಡಿದೆ. ಉಬ್ಬೇ. ಪರದೆಯಿಂದ ಆಚೆ ಬಂದು ನಿಂತ ಗುಪ್ಪೆ.

ಹೊಳೆದದ್ದು ಒಂದೇ ಕಾರಣ: ಚಾನೆಲ್ ಅದಲುಬದಲು. ಮರ್ಜ್ ಮಾಡುವ ಮ್ಯಾಕ್ರೋ (ಸಣ್ಣ ಪ್ರೋಗ್ರಾಂ) ಬರೆದವನು ನಾನೇ ಆದ್ದರಿಂದ ತಪ್ಪನ್ನೂ ಧಾರಾಳವಾಗಿ ಮೈಮೇಲೆ ಎಳೆದುಕೊಂಡೆ. "ಮರ್ಜ್‌ನಲ್ಲಿ ಕೆಂಪು, ಸಯಾನ್ ಉಲ್ಟಾ ಆಗಿದೆ, ಕನ್ನಡಕ ತಿರುಗಿಸಿ ಹಾಕ್ಕೊಳ್ಳಿ" ಅಂದೆ. ಎಲ್ಲರೂ ತಿರುಗಿಸಿದರು. ಗುಂಡಿ ಕಂಡಿತು. ನಾನು ಉಸಿರು ಬಿಡುವಷ್ಟರಲ್ಲಿ ಗ್ರಾಹಕರ ಕಡೆಯವರು ತಣ್ಣಗೆ ಕೇಳಿದರು: "ಅಂದ್ರೆ ಕನ್ನಡಕ ಹೇಗೆ ಹಾಕ್ತೀವೋ ಹಾಗೆ ರಿಸಲ್ಟ್ ಬರುತ್ತೆ, ಅಲ್ವಾ?"

ಉತ್ತರವಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ನನ್ನ ಮೂಲ ಫೈಲ್ ತೆರೆದು ಕನ್ನಡಕ ನೆಟ್ಟಗೆ ಹಾಕಿ ನೋಡಿದೆ. ಗುಂಡಿ. ತಲೆಯೆತ್ತಿ ಪರದೆ ನೋಡಿದರೆ ಉಬ್ಬು. ಚಾನೆಲ್ ಸರಿಯಾಗಿಯೇ ಇದೆ, ಹೆಸರೂ ಅದೇ ಫೈಲಿನದ್ದು. ಹಿಂದೆ ಯಾರೋ ಪೆನ್ ಟಿಕ್ ಟಿಕ್ ಅನ್ನಿಸುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ಆ ಹತ್ತಿಯ ಎಳೆ. ಪರದೆಯ ಮೇಲೆ ಅದು ಲೋಹದ ಕೆಳಗೆ ಹುದುಗಿದಂತೆ ಕಾಣುತ್ತಿತ್ತು, ಅದು ಸಾಧ್ಯವೇ ಇಲ್ಲ. ಅಷ್ಟೇ ಅಲ್ಲ, ಲ್ಯಾಪ್‌ಟಾಪಿನಲ್ಲಿ ಮೇಲೆ ಎಡಗಡೆ ಇದ್ದ ಎಳೆಯ ತುದಿ ಪರದೆಯಲ್ಲಿ ಕೆಳಗೆ ಬಲಗಡೆ ಇತ್ತು.

ರಿಪೋರ್ಟ್ ಸೆಕ್ಷನ್‌ನವರು ಚಿತ್ರವನ್ನು 180 ಡಿಗ್ರಿ ತಿರುಗಿಸಿದ್ದರು. ಟೆಂಪ್ಲೇಟಿನ ಪ್ರಕಾರ ಎಲ್ಲ ಫೋಟೋಗಳಲ್ಲೂ ಬಿರುಕಿನ ಮೂಲ ಕೆಳಗಿರಬೇಕಂತೆ. ಸಾದಾ ಫೋಟೋ ಹೇಗೆ ತಿರುಗಿಸಿದರೂ ಫೋಟೋವೇ. ಅನಾಗ್ಲಿಫ್‌ನಲ್ಲಿ, ಅಂದರೆ ಹೀಗೆ ಕೆಂಪು-ಸಯಾನ್ ಬೆರೆಸಿದ ಚಿತ್ರದಲ್ಲಿ, ಎತ್ತರದ ಬಿಂದುವಿನ ಕೆಂಪು ಪ್ರತಿ ಸಯಾನ್‌ಗಿಂತ ಬಲಕ್ಕೆ ಕೂತಿರುತ್ತದೆ. ತಲೆಕೆಳಗು ಮಾಡಿದರೆ ಎಡಕ್ಕೆ ಹೋಗುತ್ತದೆ, ತಗ್ಗು ಉಬ್ಬಾಗುತ್ತದೆ. ಬಣ್ಣದಲ್ಲಿ ಯಾವ ಸುಳಿವೂ ಇಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಅಂತ ಹೇಳಬಹುದಾಗಿದ್ದ ಒಂದೇ ಗುರುತು ಆ ಡೇಟಾ ಬಾರ್. ಅದಕ್ಕೆ ಕತ್ತರಿ ಹಾಕಿದ್ದು ನಾನು.

ಇದನ್ನೆಲ್ಲ ಹೇಳಿದರೂ ಗ್ರಾಹಕರ ಮುಖ ಸಡಿಲವಾಗಲಿಲ್ಲ. ಕೊನೆಗೆ ಎಲ್ಲರ ಕನ್ನಡಕ ತೆಗೆಸಿದೆ. ಗುಂಡಿಯ ಅಂಚು ಕದಲದ ಹಾಗೆ ಎರಡೂ ಮೂಲ ಟಿಫ್ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ಕೀ ಒತ್ತುತ್ತಾ ಅದಲುಬದಲು ತೋರಿಸಿದೆ. ಎಳೆ ಒಂದು ಕಡೆಗೆ ಸರಿಯಿತು, ಕಲೆಯ ನಡುಭಾಗ ಅದರ ವಿರುದ್ಧ ದಿಕ್ಕಿಗೆ. ಎಳೆ ಮೇಲಿದೆ ಅನ್ನೋದರಲ್ಲಿ ತಕರಾರಿಲ್ಲ, ಹಾಗಾದರೆ ನಡುಭಾಗ ಕೆಳಗಿರಲೇಬೇಕು. 7 ಡಿಗ್ರಿ ಅಂತರಕ್ಕೆ 1 ಮೈಕ್ರಾನ್ ಸರಿದರೆ ಸುಮಾರು 8 ಮೈಕ್ರಾನ್ ಆಳ ಅಂತ ಲೆಕ್ಕವನ್ನೂ ಅಲ್ಲೇ ಹಾಕಿ ತೋರಿಸಿದೆ. ಅವರು ಒಪ್ಪಿದರು.

ಮೀಟಿಂಗ್ ಮಿನಿಟ್ಸ್‌ನಲ್ಲಿ ನಮ್ಮ ವಿಭಾಗದ ಬಗ್ಗೆ ಬಂದ ಒಂದೇ ಸಾಲು: "ಸ್ಯಾಂಪಲ್ ಕ್ಲೀನಿಂಗ್ ಸುಧಾರಿಸಬೇಕು, ಚಿತ್ರದಲ್ಲಿ ನಾರು ಕಂಡುಬಂದಿದೆ." ನಮ್ಮನ್ನು ಉಳಿಸಿದ್ದೇ ಆ ನಾರು ಅಂತ ಯಾರಿಗೆ ಹೇಳೋಣ!

ಈಗ ಮರ್ಜ್ ಆದ ಮೇಲೆ ಸ್ಕೇಲ್ ಬಾರ್ ಜೊತೆ "ಮೇಲೆ" ಅಂತ ಒಂದು ಬಾಣವನ್ನೂ ಚಿತ್ರದೊಳಗೇ ಕೂರಿಸಿ, ಪಿಎನ್‌ಜಿಯಲ್ಲಿ ಕಳಿಸುತ್ತೇನೆ. ರಿಪೋರ್ಟ್ ಪೋರ್ಟಲ್ ಅದನ್ನು ಜೆಪೆಗ್ ಮಾಡಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಅರ್ಧ ರೆಸಲ್ಯೂಷನ್‌ಗೆ ಇಳಿಸುವುದರಿಂದ ಕೆಂಪು, ಸಯಾನ್ ಒಂದಕ್ಕೊಂದು ಸೋರಿ, ಅಂಚುಗಳಲ್ಲೆಲ್ಲ ಭೂತದ ಹಾಗೆ ಜೋಡಿಗೆರೆ. ಟಿಕೆಟ್ ಹಾಕಿದ್ದೇನೆ. ಸ್ಟೇಟಸ್ ಇನ್ನೂ "ಅಂಡರ್ ರಿವ್ಯೂ".